ಪೆಟ್ಟಿಗೆ ಚಿಕ್ಕದಿರಲಿ, ಆಂಟೆನಾ ಉದ್ದವಿರಲಿ

ಒಮಾಹಾ, ನೆಬ್ರಾಸ್ಕಾ
ಭಾನುವಾರ ರಾತ್ರಿ

ಪ್ರೀತಿಯ ರಘು,

ನೀನು ಕಳಿಸಿದ ಮೂರೂ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊ ಸೆಟ್‌ಗಳ ಫೋಟೊ ನೋಡಿದೆ. "ಕಾರಲ್ಲಿ ಜಾಗ ಇಲ್ಲ ಅಕ್ಕಾ, ಯಾವುದು ತೊಗೊಳ್ಳಲಿ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದ್ದು ನಿನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಎಸೆಯಬೇಡ, ಕಾರಿನಲ್ಲಿಟ್ಟುಕೋ.

ಚಿಕ್ಕ ಸೆಟ್ ಅಂದರೆ ಕಡಿಮೆ ಸೆಟ್ ಅನ್ನುವ ಅಳುಕು ಮೊದಲು ಬಿಡು. ಸಿಬಿಯಲ್ಲಿ ಎಎಂ ಮಾತುಕತೆಗೆ ಇಲ್ಲಿನ ಕಾನೂನು 4 ವ್ಯಾಟ್‌ಗೆ ಗೆರೆ ಎಳೆದುಬಿಟ್ಟಿದೆ. ಹದಿನೆಂಟು ಚಕ್ರದ ಟ್ರಕ್ಕಿನಲ್ಲಿ ಮಿರಮಿರ ಮಿಂಚುವ ಕೋಬ್ರಾ 29ಕ್ಕೂ ಅಷ್ಟೇ, ಅದರ ಮುಂದೆ ಕೂಸಿನಂತೆ ಕಾಣುವ ಯೂನಿಡೆನ್ ಪ್ರೊ 510ಕ್ಕೂ ಅಷ್ಟೇ. ಚಾನೆಲ್‌ಗಳೂ ಅವೇ 40. ದೊಡ್ಡದರಲ್ಲಿ ಗುಂಡಿಗಳು ಹೆಚ್ಚು, ಸ್ಪೀಕರ್ ಚೆನ್ನ, ಗದ್ದಲ ಸೋಸುವ ಸೌಕರ್ಯ ಹೆಚ್ಚು. ಆದರೆ ಪೆಟ್ಟಿಗೆ ದೊಡ್ಡದಾಯಿತೆಂದು ಮಾತು ಹೆಚ್ಚು ದೂರ ಹೋಗುವುದಿಲ್ಲ.

ಈಗ ನಿನ್ನ ಮೂರು ಫೋಟೊಗಳು. ಕೋಬ್ರಾ 75ರಲ್ಲಿ ಎಲ್ಲ ಗುಂಡಿಗಳೂ ಕೈಯಲ್ಲಿ ಹಿಡಿಯುವ ಮೈಕಿನಲ್ಲೇ ಇವೆ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸಣ್ಣ ಡಬ್ಬಿ ಅಡಗಿಸಿಟ್ಟರೆ ಆಯಿತು, ಬೇಡದಾಗ ಮೈಕು ಕಳಚಿಡಬಹುದು. ಮಿಡ್‌ಲ್ಯಾಂಡ್ 75-822 ಕೈಯಲ್ಲೂ ಹಿಡಿಯಬಹುದಾದ ಸೆಟ್. ಬ್ಯಾಟರಿ ಹಾಕಿದರೆ ಕಾರಿನಿಂದ ಇಳಿದೂ ಮಾತಾಡಬಹುದು, ಅಡಾಪ್ಟರ್ ಸಿಕ್ಕಿಸಿದರೆ ಕಾರಿನ ಆಂಟೆನಾಕ್ಕೆ ಜೋಡಿಸಬಹುದು. ಇವೆರಡರಲ್ಲೂ ಸರ್ಕಾರದ ಹವಾಮಾನ ಪ್ರಸಾರ ಕೇಳುತ್ತದೆ. ಯೂನಿಡೆನ್ 510ರಲ್ಲಿ ಅದಿಲ್ಲ. ಆದರೂ ನನ್ನ ಓಟು 510ಕ್ಕೆ. ವಯೋಮಿಂಗಿನ ಲಾರಮಿಯ ಜನವರಿಯಲ್ಲಿ ಕೈಗವಸು ಹಾಕಿಕೊಂಡು ಓಡಿಸುವವನು ನೀನು. ರಸ್ತೆಯಿಂದ ಕಣ್ಣು ತೆಗೆಯದೆ ಬೆರಳಿಗೆ ಸಿಗುವ, ತಿರುಗಿಸುವ ಗುಂಡಿ ಬೇಕು, ಮೈಕಿನ ಮೇಲಿನ ಪುಟಾಣಿ ಬಟನ್‌ಗಳಲ್ಲ. ಅದರ ಸ್ಪೀಕರ್ ಚಿಕ್ಕದು, ಕಾರ್ಪೆಟ್ ಕಡೆ ಮುಖಮಾಡಿ ಗೊಣಗುತ್ತದೆ. ಹಿಂದಿನ ಜ್ಯಾಕ್‌ಗೆ ಹೊರಗಿನ ಸ್ಪೀಕರೊಂದನ್ನು ಸಿಕ್ಕಿಸಿದರೆ ಆ ಕೊರತೆ ನೀಗುತ್ತದೆ. ಗ್ಯಾರೇಜ್ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 23 ಚಾನೆಲ್‌ನ ಹಳೇ ಸೆಟ್ ಮಾತ್ರ ಹೊತ್ತು ತರಬೇಡ. ಅದು 1977ಕ್ಕಿಂತ ಹಿಂದಿನ ಕಾಲದ್ದು.

ನಿಜವಾದ ಲೆಕ್ಕಾಚಾರ ಇರುವುದು ಕಾರಿನ ಹೊರಗೆ ಕಣೋ. ಸಿಬಿ ನಡೆಯುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗದ ಕಡ್ಡಿ ನಿಲ್ಲಿಸಬೇಕೆಂದರೂ 9 ಅಡಿ ಬೇಕು. ಅದನ್ನು ಹೊತ್ತು ನೀನು ಯಾವ ಪಾರ್ಕಿಂಗ್ ಕಟ್ಟಡಕ್ಕೂ ನುಗ್ಗಲಾರೆ. ಅದಕ್ಕೇ ತಂತಿ ಸುರುಳಿ ಸುತ್ತಿ ಕಡ್ಡಿಯನ್ನು ಮೋಟು ಮಾಡುತ್ತಾರೆ. ಮೋಟು ಮಾಡಿದಷ್ಟೂ ಶಕ್ತಿ ಸುರುಳಿಯಲ್ಲೇ ಬಿಸಿಯಾಗಿ ಸೋರಿಹೋಗುತ್ತದೆ. ಕೈಯುದ್ದದ ಚಂದದ ಆಂಟೆನಾ ಹಾಕಿಕೊಂಡು ದುಬಾರಿ ಸೆಟ್ ಇಟ್ಟುಕೊಳ್ಳುವುದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂಗಿದ ಹಾಗೆ. 3 ಅಡಿಗಿಂತ ಕಡಿಮೆಯದನ್ನು ನೋಡಲೇಬೇಡ, 4–5 ಅಡಿಯದಾದರೆ ಇನ್ನೂ ಒಳ್ಳೆಯದು.

ನಿನ್ನ ಸುಬಾರು ಔಟ್‌ಬ್ಯಾಕಿನ ಚಾವಣಿ ಉಕ್ಕಿನದು. ಅಯಸ್ಕಾಂತದ ಬುಡವಿರುವ ಆಂಟೆನಾ ತಂದು ಚಾವಣಿಯ ನಡುಮಧ್ಯೆ, ಸನ್‌ರೂಫ್ ಇದ್ದರೆ ಅದರ ಹಿಂದೆ, ಕೂರಿಸು. ಸುತ್ತಲಿನ ತಗಡೂ ಆಂಟೆನಾದ ಅರ್ಧ ಕೆಲಸ ಮಾಡುತ್ತದೆ. ಅಲ್ಯುಮಿನಿಯಂ ಮೈಯ ಫೋರ್ಡ್ ಎಫ್-150 ಇರುವವರಿಗೆ, ಗಾಜಿನ ಚಾವಣಿಯವರಿಗೆ ಈ ಭಾಗ್ಯವಿಲ್ಲ, ಅವರು ಬಾನೆಟ್ಟಿನ ಇಲ್ಲವೆ ಡಿಕ್ಕಿಯ ಅಂಚಿಗೆ ಕ್ಲಾಂಪ್ ಹಾಕಿ ಒದ್ದಾಡಬೇಕು. ಬುಡ ಇಡುವ ಮೊದಲು ಧೂಳು ಒರೆಸು, ಇಲ್ಲದಿದ್ದರೆ ಬಣ್ಣ ಗೀಚಿಹೋಗುತ್ತದೆ.

ಮಾತಾಡುವ ಗುಂಡಿ ಒತ್ತುವ ಮುಂಚೆ ಎಸ್‌ಡಬ್ಲ್ಯುಆರ್ ಮೀಟರ್ ಹಿಡಿದು ಅಳೆ. ಸೆಟ್ ಕಳಿಸಿದ ಶಕ್ತಿಯಲ್ಲಿ ಎಷ್ಟನ್ನು ಆಂಟೆನಾ ವಾಪಸು ತಳ್ಳುತ್ತಿದೆ ಅನ್ನುವುದರ ಲೆಕ್ಕ ಅದು. ಕಾರನ್ನು ಬಯಲಿಗೆ ತಂದು, ಬಾಗಿಲು ಹಾಕಿ, 1ನೇ ಚಾನೆಲ್‌ನಲ್ಲೊಮ್ಮೆ 40ರಲ್ಲೊಮ್ಮೆ ನೋಡು. 40ರಲ್ಲಿ ಹೆಚ್ಚು ಬಂದರೆ ಕಡ್ಡಿ ಉದ್ದವಾಯಿತು, ಚೂರು ತಗ್ಗಿಸು. 1ರಲ್ಲಿ ಹೆಚ್ಚಾದರೆ ಎತ್ತರಿಸು. 1.5ರ ಒಳಗೆ ಬಂದರೆ ಸಂತೋಷ, 2ರವರೆಗೆ ಪರವಾಗಿಲ್ಲ. 3 ದಾಟಿದರೆ ಸೆಟ್ಟಿಗೇ ಕುತ್ತು. ಆಂಟೆನಾ ಜೋಡಿಸದೆ ತಮಾಷೆಗೂ ಗುಂಡಿ ಒತ್ತಬೇಡ.

ವಿದ್ಯುತ್ತನ್ನು ಸಿಗರೇಟ್ ಸಾಕೆಟ್ಟಿನಿಂದ ಎಳೆಯುವ ಆಸೆ ಬೇಡ. ಬ್ಯಾಟರಿಯಿಂದಲೇ ಫ್ಯೂಸ್ ಹಾಕಿದ ತಂತಿ ತಂದರೆ ಎಂಜಿನ್ನಿನ ಗುಂಯ್‌ಗುಟ್ಟುವಿಕೆ ಬಹಳ ಮಟ್ಟಿಗೆ ತಗ್ಗುತ್ತದೆ.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ನಿನ್ನ ಸ್ನೇಹಿತರು ನಗಬಹುದು. 1973ರ ತೈಲ ಬಿಕ್ಕಟ್ಟು, ಆಮೇಲೆ ಬಂದ 55 ಮೈಲಿಯ ವೇಗಮಿತಿ, ಇವುಗಳ ನಡುವೆ ಡೀಸೆಲ್ ಎಲ್ಲಿದೆ, ಪೊಲೀಸರು ಎಲ್ಲಿದ್ದಾರೆ ಎಂದು ಟ್ರಕ್ಕಿನವರು ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ಈ ಪೆಟ್ಟಿಗೆಯಲ್ಲೇ. ನಮ್ಮ ಒಮಾಹಾದ ಜಾಹೀರಾತು ಕಂಪನಿಯೊಂದರಲ್ಲಿದ್ದ ಬಿಲ್ ಫ್ರೈಸ್ ಎಂಬಾತ ಸಿ.ಡಬ್ಲ್ಯು. ಮೆಕಾಲ್ ಅನ್ನುವ ಹೆಸರಿಟ್ಟುಕೊಂಡು 1975ರಲ್ಲಿ 'ಕಾನ್ವಾಯ್' ಹಾಡಿ ಸಿಬಿಯನ್ನು ಮನೆಮಾತು ಮಾಡಿದ. ಆ ಹುಚ್ಚು ಇಳಿದುಹೋಯಿತು, ಟ್ರಕ್ಕಿನವರಲ್ಲೂ ಸೆಟ್ ಇಡುವವರು ಕಡಿಮೆಯಾದರು. ಆದರೂ ನಾನಿರುವ ಸರಕು ಸಾಗಣೆ ಕಚೇರಿಯಲ್ಲಿ ಹಳೇ ಚಾಲಕರು ಐ-80 ಹೆದ್ದಾರಿ ಅಂದರೆ ಈಗಲೂ ಸೆಟ್ ಆನ್ ಮಾಡುತ್ತಾರೆ. ಷೈಯೆನ್ ಕಡೆಯಿಂದ ಬರುವಾಗ 8,640 ಅಡಿಯ ಶರ್ಮನ್ ಶಿಖರ, ಲಾರಮಿ ದಾಟಿ ರಾಲಿನ್ಸ್‌ವರೆಗೆ ಗಾಳಿಯ ದರ್ಬಾರು. ಆಕಾಶ ತಿಳಿಯಾಗಿದ್ದರೂ ಬಿದ್ದ ಹಿಮವನ್ನೇ ಎಬ್ಬಿಸಿ ಕಣ್ಣು ಕಟ್ಟುತ್ತದೆ, ಖಾಲಿ ಟ್ರಕ್ಕುಗಳನ್ನು ಮಗುಚಿ ಹಾಕುತ್ತದೆ. ರಸ್ತೆ ಮುಚ್ಚಿದ್ದು ರಸ್ತೆ ಮಾಹಿತಿಯ 511ರಲ್ಲಿ ಗೊತ್ತಾಗುತ್ತದೆ. ಆದರೆ ಎರಡು ಮೈಲಿ ಮುಂದೆ ಈ ಗಳಿಗೆಯಲ್ಲಿ ಟ್ರಕ್ಕು ಅಡ್ಡಬಿದ್ದಿದ್ದನ್ನು ಹೇಳಬಲ್ಲವನು ಅದನ್ನು ದಾಟಿ ಎದುರಿಗೆ ಬರುತ್ತಿರುವ ಚಾಲಕ. ಅವನು ಹೇಳುವುದು ಚಾನೆಲ್ 19ರಲ್ಲಿ. ಅವನಿಗೆ ನಿನ್ನ ನಂಬರು ಬೇಡ, ಕಾರು ಎಂಥದೆನ್ನುವುದೂ ಬೇಡ, ನೀನು ಕೇಳುತ್ತಿದ್ದರೆ ಸಾಕು.

ಹಾಗಾಗಿ ಮೊದಮೊದಲು ಬರೀ ಕೇಳು. ಪೂರ್ವಕ್ಕೋ ಪಶ್ಚಿಮಕ್ಕೋ, ಯಾವ ಮೈಲಿಗಲ್ಲು ಅನ್ನುವುದು ಕಿವಿಗೆ ಅಭ್ಯಾಸವಾಗಲಿ. ಬೈಗುಳಗಳೂ ಬೀಳುತ್ತವೆ, ಮಕ್ಕಳಿದ್ದಾಗ ದನಿ ತಗ್ಗಿಸು. ನಿನ್ನ ಸರದಿ ಬಂದಾಗ ಚುಟುಕಾಗಿ ಹೇಳಿ ಗುಂಡಿ ಬಿಡು, ಒತ್ತಿಕೊಂಡಿರುವಷ್ಟು ಹೊತ್ತು ಎದುರಿನವನ ಮಾತು ನಿನಗೆ ಕೇಳದು. ಕಾರಿನಿಂದ ಕಾರಿಗೆ ಸಾಮಾನ್ಯವಾಗಿ ಮೂರು–ನಾಲ್ಕು ಮೈಲಿ ಅಂದುಕೋ. ಸೂರ್ಯ ಕೆರಳಿದ ದಿನಗಳಲ್ಲಿ ಸಾವಿರ ಮೈಲಿ ಆಚೆಯವನೂ ಆಕಾಶದಿಂದ ಪುಟಿದು ಕೇಳಿಸಿಯಾನು, ಅದನ್ನು ನೆಚ್ಚಬೇಡ. ಚಾನೆಲ್ 9 ತುರ್ತಿಗೆ ಮೀಸಲು. ಆದರೂ ಅಪಘಾತವಾದರೆ, ಸಿಗ್ನಲ್ ಇದ್ದರೆ, ಮೊದಲು 911. ಇಲ್ಲಿ ಪರವಾನಗಿ ಬೇಡ, ಖರೀದಿಸಿದ ದಿನವೇ ಬಳಸಬಹುದು. ಊರಿಗೆ ಒಯ್ಯುವ ಯೋಚನೆ ಮಾತ್ರ ಬೇಡ, ಭಾರತದಲ್ಲಿ ನಿಯಮ ಬೇರೆ.

ದಿನಸಿ ಅಂಗಡಿಯಲ್ಲೂ ಚೌಕಾಶಿ ಮಾಡುವ ನೀನು ಸೆಟ್ಟಿಗೆ ಕೈಬಿಚ್ಚಿ, ಆಂಟೆನಾ ಹೊತ್ತಿಗೆ ಕೈ ಬಿಗಿಹಿಡಿಯುತ್ತೀಯೆಂದು ನನಗೆ ಗೊತ್ತು. ಅದಕ್ಕೇ ಹೀಗೆ ಮಾಡೋಣ: ಸೆಟ್ಟಿನ ದುಡ್ಡು ನಿನ್ನದು; ಆಂಟೆನಾ, ಮೀಟರ್ ಎರಡರ ಬಿಲ್ಲೂ ನನಗೆ ಕಳಿಸು. ಬೇಡ ಅಂದರೆ ಶರ್ಮನ್ ಶಿಖರದ ಗಾಳಿಯ ವಿಚಾರ ಅಮ್ಮನಿಗೆ ಹೇಳಿಬಿಡುತ್ತೇನೆ.

ನಿನ್ನ
ಅಕ್ಕ