ಊರಿಗೆ ಹೋಗಲು ರೂಮು

2025ರ ಮಾರ್ಚ್ 23, ಭಾನುವಾರ. ಬೆಳಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ನಾನು ದಹಿಸರ್ ಪೂರ್ವದ ನಮ್ಮ ಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ರೈಲಿನ ಮುಂಗಡ ಬುಕಿಂಗ್ ಮೊದಲು 120 ದಿನಕ್ಕೆ ತೆರೆಯುತ್ತಿತ್ತು, 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಮೇ 22ಕ್ಕೆ ಮತ್ಸ್ಯಗಂಧಾ ಹತ್ತಬೇಕಾದರೆ ಅವತ್ತೇ ಟಿಕೆಟ್ ಆಗಬೇಕು. ಎಂಟು ಗಂಟೆಗೆ ನಾಲ್ಕು ಹೆಸರು ತುಂಬಿಸಿದೆ: ಅಮ್ಮ, ನಾನು, ಗಂಡ, ಎಂಟು ವರ್ಷದ ಮಗಳು. ಒಟಿಪಿ ಬರುವುದು ಸ್ವಲ್ಪ ತಡವಾಯಿತು. ಎಂಟೂ ಹತ್ತಕ್ಕೆ ನಮ್ಮ ಹೆಸರಿನ ಮುಂದೆ ವೇಟಿಂಗ್ ಲಿಸ್ಟಿನ ನಂಬರುಗಳಿದ್ದವು.

ಸರಿ, ವಿಮಾನದಲ್ಲಾದರೆ ಎಷ್ಟಾಗುತ್ತದೆ ನೋಡೋಣ ಎಂದುಕೊಂಡೆ. ಮುಂಬಯಿಯಿಂದ ಮಂಗಳೂರಿಗೆ ಹೋಗಿ ಬರಲು ತಲೆಗೆ 13,000 ರೂಪಾಯಿ, ನಾಲ್ವರಿಗೆ 52,000. ಕುಂದಾಪುರದ ಹತ್ತಿರ, ಕಡಲಿಗೆ ತೀರಾ ದೂರವಲ್ಲದ ಜಾಗದಲ್ಲಿ ಎರಡು ರೂಮು, ಐದು ರಾತ್ರಿ, ರಾತ್ರಿಗೆ 4,800ರಂತೆ 48,000. ಅದರ ಮೇಲೆ ಆಗಿನ 12 ಶೇಕಡಾ ಜಿಎಸ್‌ಟಿ 5,760. ಬಜ್ಪೆಯಿಂದ ಕುಂದಾಪುರಕ್ಕೆ ನೂರು ಕಿಲೋಮೀಟರಿನಷ್ಟು ದಾರಿ, ಆಮೇಲೆ ದೇವಸ್ಥಾನ, ನೆಂಟರ ಮನೆ ಅಂತ ಓಡಾಟ. ಕಾರಿಗೆ 15,000. ಊಟ ಬಿಟ್ಟು ಒಟ್ಟು 1,20,760.

ಅದೇ ತೆರೆಯಲ್ಲಿ, ಯಾರೂ ಕೇಳದಿದ್ದರೂ, ಬ್ಯಾಂಕಾಕಿನ ಜಾಹೀರಾತೊಂದು ಬಂತು. ಕುತೂಹಲಕ್ಕೆ ಇನ್ನೊಂದು ಪಟ್ಟಿ ಮಾಡಿದೆ. ನಾಲ್ವರ ಟಿಕೆಟ್ 70,000. ಎರಡು ರೂಮು, ಐದು ರಾತ್ರಿ, 19,000. ಮೆಟ್ರೋ, ದೋಣಿ, ಟ್ಯಾಕ್ಸಿಗೆ 6,000. ಒಟ್ಟು 95,000. ಭಾರತೀಯರಿಗೆ ವೀಸಾ ಬೇಕಿರಲಿಲ್ಲ, ಆ ಖರ್ಚೂ ಇಲ್ಲ.

ಅಮ್ಮ ಹಿಂದೆ ನಿಂತು ನೋಡುತ್ತಿದ್ದವಳು ಬ್ಯಾಂಕಾಕಿನ ಲೆಕ್ಕದ ಬಗ್ಗೆ ಏನೂ ಹೇಳಲಿಲ್ಲ. ಅವಳ ಕಣ್ಣು ಮೊದಲನೇ ಪಟ್ಟಿಯಲ್ಲೇ ಇತ್ತು.

"ಊರಿಗ್ ಹೋಪುಕೂ ರೂಮ್ ಮಾಡ್ಕಾ?"

ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಇಂಥ ಎರಡು ಪಟ್ಟಿಗಳನ್ನು ನಿಮ್ಮಲ್ಲಿ ಹಲವರು ಮಾಡಿರುತ್ತೀರಿ. ಗೋವಾದ ಬದಲು ವಿಯೆಟ್ನಾಂ, ಕೊಡಗಿನ ಬದಲು ಶ್ರೀಲಂಕಾ. ಮಾಡಿ, ಸಿಟ್ಟು ಬಂದು, ಸರ್ಕಾರವನ್ನೂ ಹೋಟೆಲಿನವರನ್ನೂ ಬೈದಿರುತ್ತೀರಿ. ನಾನೂ ಬೈದೆ. ಪ್ರಧಾನಿಯವರು 2019ರ ಆಗಸ್ಟ್ 15ರ ಭಾಷಣದಲ್ಲಿ, 2022ರೊಳಗೆ ಪ್ರತಿಯೊಬ್ಬರೂ ದೇಶದೊಳಗಿನ ಕನಿಷ್ಠ 15 ಪ್ರವಾಸಿ ತಾಣಗಳನ್ನು ನೋಡಿ ಎಂದು ಕರೆ ಕೊಟ್ಟಿದ್ದರು. ಸಂಬಳದವರಿಗೆ ಸಿಗುವ ರಜಾ ಪ್ರಯಾಣ ಭತ್ಯೆಯ ತೆರಿಗೆ ವಿನಾಯಿತಿ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ನಾನು ಪದಕ್ಕಿಷ್ಟು ಎಂದು ಎಣಿಸಿ ದುಡ್ಡು ಪಡೆಯುವ ಅನುವಾದಕಿ, ನನಗೆ ಆ ಭತ್ಯೆಯೂ ಇಲ್ಲ.

ಸಿಟ್ಟು ಇಳಿದ ಮೇಲೆ ಲೆಕ್ಕವನ್ನು ಬಿಡಿಸಿ ನೋಡಿದೆ. ಕೆಲವು ಕಾರಣಗಳು ಸರ್ಕಾರದವೇ. ವಿಮಾನದ ಇಂಧನ ಇನ್ನೂ ಜಿಎಸ್‌ಟಿಯ ಹೊರಗಿದೆ. ದೇಶದೊಳಗೆ ಹಾರುವ ವಿಮಾನದ ಇಂಧನಕ್ಕೆ ರಾಜ್ಯಗಳು ವ್ಯಾಟ್ ಹಾಕುತ್ತವೆ. ಮುಂಬಯಿಯಲ್ಲಿ ಅದು 25 ಶೇಕಡಾ ಇತ್ತು, 2023ರಲ್ಲಿ 18ಕ್ಕೆ ಇಳಿಯಿತು. ವಿದೇಶಕ್ಕೆ ಹಾರುವ ವಿಮಾನಕ್ಕೆ ತುಂಬಿಸುವ ಇಂಧನವನ್ನು ರಫ್ತಿನಂತೆ ಎಣಿಸುವುದರಿಂದ ಅದಕ್ಕೆ ಈ ತೆರಿಗೆ ಬೀಳುವುದಿಲ್ಲ. ಒಂದೇ ವಿಮಾನ ನಿಲ್ದಾಣ, ಒಂದೇ ಇಂಧನ, ಹಾರುವ ದಿಕ್ಕಿನ ಮೇಲೆ ಬೆಲೆ. ಇನ್ನು ರೂಮಿಗೆ ನಮ್ಮಲ್ಲಿ 12 ಶೇಕಡಾ ಇದ್ದಾಗ ಥಾಯ್ಲೆಂಡಿನ ವ್ಯಾಟ್ 7 ಶೇಕಡಾ.

ಆದರೆ ಪ್ರಾಮಾಣಿಕವಾಗಿ ನೋಡಿದರೆ ರೂಮಿನ ತೆರಿಗೆ ನನ್ನ ಪಟ್ಟಿಯಲ್ಲಿ 5,760 ಮಾತ್ರ. ಎರಡು ಪಟ್ಟಿಗಳ ನಡುವಿನ ಅಂತರ 25,760. ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕು.

ಒಂದು, ಕ್ಯಾಲೆಂಡರ್. ಮೇ ತಿಂಗಳಲ್ಲಿ ಮುಂಬಯಿಯ ಶಾಲೆಗಳಿಗೆಲ್ಲ ಒಟ್ಟಿಗೇ ರಜೆ. ಕರಾವಳಿಯ ಮದುವೆ, ಗೃಹಪ್ರವೇಶ ಎಲ್ಲವೂ ಮಳೆ ಹಿಡಿಯುವ ಮೊದಲು ಮುಗಿಯಬೇಕು. ಊರಿನವರೆಲ್ಲ ಒಂದೇ ವಾರದಲ್ಲಿ ಒಂದೇ ದಿಕ್ಕಿಗೆ ಹೊರಡುತ್ತೇವೆ. ಅದೇ ಮೇ ಥಾಯ್ಲೆಂಡಿನಲ್ಲಿ ಮಳೆ ಶುರುವಾಗುವ, ಗಿರಾಕಿ ಕಡಿಮೆ ಇರುವ ಕಾಲ. ನಾನು ನಮ್ಮ ದುಬಾರಿ ವಾರವನ್ನು ಅವರ ಅಗ್ಗದ ವಾರದ ಜೊತೆ ಹೋಲಿಸುತ್ತಿದ್ದೆ.

ಎರಡು, ನಡುವಿನ ದರ್ಜೆ. 2024ರಲ್ಲಿ ಥಾಯ್ಲೆಂಡಿಗೆ ಮೂರೂವರೆ ಕೋಟಿ ವಿದೇಶಿ ಪ್ರವಾಸಿಗರು ಬಂದರು. ಇಡೀ ಭಾರತಕ್ಕೆ ಬಂದವರು ಸುಮಾರು ಒಂದು ಕೋಟಿ. ಅಷ್ಟು ಜನ ದಶಕಗಟ್ಟಲೆ ಬರುತ್ತಿರುವ ಜಾಗದಲ್ಲಿ, ಗಲ್ಲಿಗೆ ಹತ್ತರಂತೆ, ಸ್ವಚ್ಛ ಬಾತ್‌ರೂಮಿನ ಸಣ್ಣ ಗೆಸ್ಟ್ ಹೌಸುಗಳು ಒಂದಕ್ಕೊಂದು ಪೈಪೋಟಿಯಲ್ಲಿವೆ. ನಮ್ಮ ಕಡೆ ಬಸ್‌ಸ್ಟ್ಯಾಂಡ್ ಬಳಿಯ ಲಾಡ್ಜಿದೆ, ಕಡಲ ಬದಿಯ ರೆಸಾರ್ಟಿದೆ. ಲಾಡ್ಜಿಗೆ ಹೆಂಗಸರು, ಮಕ್ಕಳನ್ನು ಕರೆದುಕೊಂಡು ಹೋಗಲು ಹಿಂಜರಿಕೆ, ರೆಸಾರ್ಟಿಗೆ ದುಡ್ಡಿಲ್ಲ. ಎರಡರ ನಡುವೆ ಇರುವುದು ನಾಲ್ಕಾರು, ಅವು ಕೇಳಿದಷ್ಟು ಕೊಡಬೇಕು.

ಈ ನಡುವಿನ ದರ್ಜೆ ನಮ್ಮಲ್ಲಿ ಯಾಕೆ ಬೆಳೆಯಲಿಲ್ಲ ಎಂದು ಯೋಚಿಸುವಾಗ ಅಮ್ಮನ ಪ್ರಶ್ನೆ ಮತ್ತೆ ಎದುರಾಯಿತು. ಯಾಕೆಂದರೆ ನಮಗೆ ಅದು ಬೇಕಾಗಿರಲೇ ಇಲ್ಲ. ಪ್ರವಾಸಕ್ಕೆ ಹೊರಟ ಕನ್ನಡಿಗರಿಗೆ ಧರ್ಮಸ್ಥಳದಲ್ಲಿ, ಕೊಲ್ಲೂರಿನಲ್ಲಿ, ಉಡುಪಿಯಲ್ಲಿ ದೇವರ ಹೆಸರಿನ ಊಟ ಇತ್ತು, ಛತ್ರವೋ ವಸತಿಗೃಹವೋ ಇತ್ತು. ಉಳಿದ ಕಡೆಗಳಲ್ಲಿ ನೆಂಟರಿದ್ದರು.

ನಾನು ಹುಟ್ಟಿದ್ದು ಬೆಳೆದದ್ದು ರಾವಳಪಾಡಾದ ಚಾಳಿನ ಒಂದು ಖೋಲಿಯಲ್ಲಿ. ಅಪ್ಪಯ್ಯ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದರು. ಮರವಂತೆಯ ಆಚೆ ನಮ್ಮ ದೊಡ್ಡ ಮನೆ. ಪ್ರತಿ ಮೇ ತಿಂಗಳು ಅಲ್ಲಿಗೆ. ಮೊದಲು ಬೊರಿವಲಿಯ ನ್ಯಾಷನಲ್ ಪಾರ್ಕ್ ಎದುರಿನಿಂದ ಬಸ್ಸು, ವಾಂತಿ ಮಾಡುತ್ತಾ ಒಂದು ಹಗಲು, ಒಂದು ರಾತ್ರಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಠಾಣೆಗೆ ಹೋಗಿ ಗಾಡಿ ಹತ್ತಿದರೆ ಮರುದಿನ ಬೆಳಗ್ಗೆ ಕುಂದಾಪುರ. ಖರ್ಚು ಎಂದರೆ ಟಿಕೆಟ್ಟು, ಬಿಸ್ಕತ್ತಿನ ದೊಡ್ಡ ಪೊಟ್ಟಣ, ದೊಡ್ಡಮ್ಮನಿಗೆ ಒಂದು ಸೀರೆ. ಅಲ್ಲಿ ಒಂದೂವರೆ ತಿಂಗಳು. ಬೆಂಗಳೂರಿನಿಂದ, ಪುಣೆಯಿಂದ ಬಂದವರೂ ಸೇರಿ ಹದಿನಾಲ್ಕು ಮಕ್ಕಳು. ಮೂರು ಹೊತ್ತಿನ ಊಟ, ನಡುವೆ ಹಲಸಿನ ಹಣ್ಣಿನ ಇಡ್ಲಿ, ಗೆಣಸಿನ ಹಪ್ಪಳ. ಹಂಡೆಯಲ್ಲಿ ಯಾವಾಗ ನೋಡಿದರೂ ಬಿಸಿನೀರು.

ಆ ಮಾತಿಗೆ ಇನ್ನೊಂದು ಬದಿಯೂ ಇತ್ತು. ಊರಿನಿಂದ ಮುಂಬಯಿಗೆ ಬಂದವರು ನಮ್ಮ ಖೋಲಿಯಲ್ಲಿ ಇಳಿಯುತ್ತಿದ್ದರು. ಕೆಲಸ ಹುಡುಕಲು ಬಂದ ಹುಡುಗರು, ದೊಡ್ಡಾಸ್ಪತ್ರೆಗೆ ತೋರಿಸಲು ಬಂದವರು, ಗಲ್ಫಿನ ವೀಸಾಕ್ಕೆ ಕಾಯುವವರು. ಒಬ್ಬರು ಇಪ್ಪತ್ತು ದಿನ ಇದ್ದರು. ನಾನು, ಅಮ್ಮ ಕಟ್ಟೆಯ ಪಕ್ಕ ಅಡುಗೆ ಜಾಗದಲ್ಲಿ ಮಲಗುತ್ತಿದ್ದೆವು. 'ಪರದೇಶ' ಎಂಬ ಶಬ್ದ ನನಗೆ ಮೊದಲು ಪರಿಚಯವಾದದ್ದು ಹಾಗೆ: ಮೂಲೆಯಲ್ಲಿಟ್ಟ ಹಗ್ಗ ಕಟ್ಟಿದ ಸೂಟ್‌ಕೇಸಾಗಿ. ಅದು ದುಡಿಯಲು ಹೋಗುವ ಜಾಗ. ಅಲ್ಲಿಗೆ ದುಡ್ಡು ಕೊಟ್ಟು ಸುಮ್ಮನೆ ತಿರುಗಾಡಲು ಹೋಗಬಹುದು ಎಂದರೆ ಆಗ ಯಾರೂ ನಂಬುತ್ತಿರಲಿಲ್ಲ. ಕನ್ನಡದಲ್ಲಿ 'ಪರದೇಶಿ' ಎಂದರೆ ಹೊರಗಿನವನು ಎಂಬಷ್ಟೇ ಅರ್ಥವಲ್ಲ, ದಿಕ್ಕಿಲ್ಲದವನು ಎಂದೂ ಹೌದು.

ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ ಚಟ, ಶಬ್ದ ಸಿಕ್ಕರೆ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ರೂಮು ಬುಕ್ ಮಾಡುವ ಆ್ಯಪೊಂದನ್ನು ಕನ್ನಡಕ್ಕೆ ತರುವ ಕೆಲಸ ಬಂದಿತ್ತು. ತಂಗುವವರನ್ನೆಲ್ಲ 'ಅತಿಥಿ' ಎಂದೇ ಬರೆಯಬೇಕು ಎಂದು ಅವರ ಸೂಚನೆ. ಹಾಗಾಗಿ 'ಹೆಚ್ಚುವರಿ ಅತಿಥಿ ಶುಲ್ಕ' ಎಂದು ಬರೆದೆ. ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬರುವವನು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ವ್ಯಾಕರಣದವರು ಅದನ್ನು ಅಲೆಯುವುದು ಎಂಬ ಅರ್ಥದ 'ಅತ್' ಧಾತುವಿಗೆ ಜೋಡಿಸುತ್ತಾರೆ. ಯಾವುದನ್ನು ಒಪ್ಪಿದರೂ, ಬರುವ ದಿನ ಹೋಗುವ ದಿನ ತುಂಬಿಸಿ, ಮುಂಗಡ ಕಟ್ಟಿ, ತಲೆ ಎಣಿಸಿ ಬರುವವನಿಗೆ ಆ ಶಬ್ದ ಹೊಂದುವುದಿಲ್ಲ. ಆದರೂ ಬರೆದೆ, ದುಡ್ಡು ತಗೊಂಡೆ. ದೊಡ್ಡಮ್ಮನ ಮನೆಯಲ್ಲಿ ಹದಿನಾಲ್ಕನೆಯ ಮಗುವಿಗೆ ಶುಲ್ಕ ಇರಲಿಲ್ಲ ಎಂಬುದು ಆಗ ತಲೆಗೆ ಬರಲಿಲ್ಲ.

ಅಪ್ಪಯ್ಯ ತೀರಿಕೊಂಡರು. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಮಗನ ಜೊತೆ ಬೆಂಗಳೂರಿಗೆ ಹೋದರು. ಪಾಲಾಯಿತು, ಮನೆ ಮಾರಾಯಿತು. ಅಮ್ಮನ ಪಾಲಿಗೆ ಬಂದ ದುಡ್ಡು ಈ ದಹಿಸರಿನ ಫ್ಲ್ಯಾಟಿನ ಗೋಡೆಯಲ್ಲಿ ಎಲ್ಲೋ ಇದೆ. ಹೀಗೆ ನಾವು ಊರಿದ್ದೂ ಮನೆಯಿಲ್ಲದವರಾದೆವು. ನೆಂಟರ ಮನೆಗಳಿಲ್ಲವೆಂದಲ್ಲ. ಆದರೆ ಅಲ್ಲಿಯೂ ಇಬ್ಬರೇ ಮುದುಕರು, ನಾಲ್ಕು ಜನ ಐದು ದಿನ ಹೋಗಿ ಕೂತರೆ ಬೇಯಿಸಿ ಹಾಕುವವರು ಯಾರು?

ಇದನ್ನು ಬರೆಯುವಾಗಲೇ ಗೊತ್ತಾಯಿತು, ನಾನು ಆ ಪಟ್ಟಿಯಲ್ಲಿ ಹೋಲಿಸುತ್ತಿದ್ದದ್ದು ಮಂಗಳೂರನ್ನೂ ಬ್ಯಾಂಕಾಕನ್ನೂ ಅಲ್ಲ. ಇವತ್ತಿನ ರೂಮಿನ ಬೆಲೆಯನ್ನು ದೊಡ್ಡಮ್ಮನ ಬೆಲೆಯ ಜೊತೆ ಹೋಲಿಸಿ ಸಿಟ್ಟಾಗುತ್ತಿದ್ದೆ. ದೊಡ್ಡಮ್ಮನ ಬೆಲೆ ಸೊನ್ನೆ ಎಂದು ಹಿಡಿದಿದ್ದೆ.

ಏಪ್ರಿಲ್‌ನಲ್ಲಿ ಫೋನ್ ಮಾಡಿ ಕೇಳಿಯೇ ಬಿಟ್ಟೆ. "ದೊಡ್ಡಮ್ಮ, ಮೇ ತಿಂಗಳಲ್ಲಿ ನಾವೆಲ್ಲ ಬಂದಾಗ ನಿಮಗೆ ಕಷ್ಟ ಆಗ್ತಿತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಕಷ್ಟವೇ ಹೆಣೆ. ನೀವ್ ಹೋದ್ಮೇಲೆ ಒಂದ್ ವಾರ ಸೊಂಟ ಎತ್ತುಕ್ ಆತಿರ್ಲಿಲ್ಲ." ಆಮೇಲೆ, ನಾನು ಬೇಜಾರು ಮಾಡಿಕೊಂಡೆನೋ ಎಂದು, "ನೀವ್ ಬರ್ದಿದ್ರೂ ಬೇಜಾರೇ ಬಿಡ್" ಎಂದರು.

ನೀವು ಯಾವತ್ತಾದರೂ ರಜೆ ಅಂತ ಎಲ್ಲಿಗಾದರೂ ಹೋಗಿದ್ದೀರಾ ಎಂದು ಕೇಳಿದೆ. ಮುಂಬಯಿಗೆ ಬಂದಿದ್ದೆನಲ್ಲ ಎಂದರು. ಅವರು ಬಂದದ್ದು ಒಂದೇ ಸಲ, ಕಣ್ಣಿನ ಆಪರೇಷನ್ನಿಗೆ.

ಆ ಮೇ ತಿಂಗಳು ನಾವು ಬ್ಯಾಂಕಾಕಿಗೇ ಹೋದೆವು. ಅಮ್ಮನಿಗೆ ಅದಕ್ಕೆಂದೇ ಪಾಸ್‌ಪೋರ್ಟ್ ಮಾಡಿಸಿದೆವು. ಅರ್ಜಿಯಲ್ಲಿ ಹುಟ್ಟಿದ ಊರು ಎಂಬಲ್ಲಿ ಅವಳು ಹೇಳಿದ ಹೆಸರನ್ನು ನಾನು ಇಂಗ್ಲಿಷಿನಲ್ಲಿ ತುಂಬಿಸಿದೆ. ಮಗಳಿಗೆ ದೋಣಿ ಇಷ್ಟವಾಯಿತು, ಗಂಡನಿಗೆ ಮೆಟ್ರೋ. ಅಮ್ಮ ದಿನಾ ಬೆಳಗ್ಗೆ ರೂಮು ಸ್ವಚ್ಛ ಮಾಡುವ ಹೆಂಗಸು ಬರುವ ಮೊದಲೇ ಹಾಸಿಗೆ ಮಡಚಿ, ಬಾತ್‌ರೂಮಿನ ನೆಲಕ್ಕೆ ನೀರು ಹೊಯ್ದು ಇಡುತ್ತಿದ್ದಳು. ಬೇಡ ಅಂದರೆ, ಬಂದವಳು ಏನೆಂದುಕೊಂಡಾಳು ಎಂದಳು. ನಾವು ವಾಪಸ್ ಬರುವಷ್ಟರಲ್ಲಿ ದಹಿಸರಿನಲ್ಲಿ ಮಳೆ. ಆ ವರ್ಷ ಮುಂಗಾರು ಮೇ 26ಕ್ಕೇ ಮುಂಬಯಿ ಮುಟ್ಟಿತ್ತು. ಖರ್ಚು ಪಟ್ಟಿಗಿಂತ ಒಂಬತ್ತು ಸಾವಿರ ಜಾಸ್ತಿ ಆಯಿತು, ಆದರೂ ಊರಿನ ಲೆಕ್ಕಕ್ಕಿಂತ ಕಡಿಮೆ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.

ಊರಿಗೆ ಹೋದದ್ದು ನವೆಂಬರಿನಲ್ಲಿ, ದೀಪಾವಳಿಯ ಗದ್ದಲ ಮುಗಿದ ಮೇಲೆ. ಮಗಳಿಗೆ ಶಾಲೆ, ಅವಳೂ ಗಂಡನೂ ಮನೆಯಲ್ಲೇ ಉಳಿದರು. ಅಮ್ಮ, ನಾನು ಠಾಣೆಯಿಂದ ಮತ್ಸ್ಯಗಂಧಾ ಹತ್ತಿದೆವು. ಈ ಸಲ ಸೀಟು ಸುಲಭವಾಗಿ ಸಿಕ್ಕಿತು. ದೊಡ್ಡಮ್ಮನನ್ನು ಅಣ್ಣ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕರೆತಂದು ಬಿಟ್ಟು ಹೋದ. ಮೂವರಿಗೆ ಮೂರು ಹಾಸಿಗೆಯ ಒಂದು ರೂಮು, ರಾತ್ರಿಗೆ 2,600. ಸೆಪ್ಟೆಂಬರ್ 22ರಿಂದ 7,500 ರೂಪಾಯಿ ಒಳಗಿನ ರೂಮಿನ ಜಿಎಸ್‌ಟಿ 5 ಶೇಕಡಾಕ್ಕೆ ಇಳಿದಿತ್ತು, ಹಾಗಾಗಿ 130 ರೂಪಾಯಿ ತೆರಿಗೆ. ಮೇ ತಿಂಗಳಲ್ಲಿ ನಾನು ನೋಡಿದ ರೂಮಿನ ಹತ್ತಿರ ಹತ್ತಿರ ಅರ್ಧ ಬೆಲೆ.

ಪಕ್ಕದ ಮನೆಯವರಾಗಿದ್ದವರು ಸಿಟ್ಟಾದರು. ನಾವು ಸತ್ತಿದ್ದೇವಾ, ರೂಮು ಯಾಕೆ ಮಾಡಿದ್ದು ಎಂದು ಬೈದರು. ಅಮ್ಮ ತಲೆ ತಗ್ಗಿಸಿದಳು. ಆ ಮನೆಯಲ್ಲಿ ಈಗ ಅಡುಗೆ ಮಾಡುವವರಿಗೆ ಎಪ್ಪತ್ತೆರಡು ವರ್ಷ. ಒಂದು ಹೊತ್ತು ಊಟ ಮಾಡಿ, ಪಾತ್ರೆ ತೊಳೆದಿಟ್ಟು ಬಂದೆವು. ಮಾರಿದ ಮನೆಯ ದಾರಿಯಲ್ಲಿ ರಿಕ್ಷಾ ನಿಧಾನ ಮಾಡಿಸಿದೆ. ಇಬ್ಬರೂ ಇಳಿಯುವುದು ಬೇಡ ಎಂದರು.

ಮರುದಿನ ಬೆಳಗ್ಗೆ ಐದಕ್ಕೆ ಎಚ್ಚರವಾದಾಗ ದೊಡ್ಡಮ್ಮ ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅಭ್ಯಾಸ. ಇಷ್ಟು ಹೊತ್ತಿಗೆ ಒಲೆ ಹೊತ್ತಿಸಿ ಆಗಿರಬೇಕಿತ್ತು.

"ತಿಂಡಿ ಅವ್ರೇ ತಂದ್ ಕೊಡ್ತ್ರಾ?"

ಎಂಟು ಗಂಟೆಗೆ ತರುತ್ತಾರೆ, ನಿದ್ದೆ ಮಾಡಿ ಎಂದೆ. ಮಲಗಲಿಲ್ಲ. ಎಂಟೂವರೆಗೆ ಹುಡುಗನೊಬ್ಬ ನೀರುದೋಸೆ, ಚಟ್ನಿ, ಮೂರು ಚಹಾ ತಂದಿಟ್ಟ. ದೊಡ್ಡಮ್ಮ ಅವನಿಗೆ ನಿಂದು ತಿಂಡಿ ಆಯಿತಾ ಎಂದು ಕೇಳಿದರು, ಯಾವ ಊರು, ಯಾರ ಮಗ ಎಂದು ಕೇಳಿದರು. ಅವನು ಅಸ್ಸಾಮಿನವನು, ಪ್ರಶ್ನೆ ಅರ್ಥವಾಗದೆ ನಕ್ಕ. ಆಮೇಲೆ ಅವರು ಕಿಟಕಿ ಪಕ್ಕ ಕೂತು ನಾಲ್ಕು ದೋಸೆ ನಿಧಾನವಾಗಿ ತಿಂದರು.

ಚಹಾ ಮುಗಿಸಿ ಲೋಟ ತೊಳೆಯಲು ಎದ್ದವರನ್ನು ಕೂರಿಸಿದೆ.

"ರೂಮಿಗ್ ಎಷ್ಟ್ ಆಯ್ತ್?"

ಸಾವಿರದ ಇನ್ನೂರು ಎಂದೆ.

"ಜಾಸ್ತಿ ಆಯ್ತ್ ಮಾರಾಯ್ತಿ" ಎಂದರು ದೊಡ್ಡಮ್ಮ.