ಅಪ್ಪನ ಕಂಪ್ಯೂಟರ್, ಮನೆಯ ಸರ್ವರ್

ಧಾರವಾಡದ ಮನೆ ಖಾಲಿ ಮಾಡುವಾಗ ಪಾತ್ರೆಗಳು ಅಕ್ಕಪಕ್ಕದವರ ಮನೆ ಸೇರಿದವು, ಕಪಾಟು ಮಾರಾಟವಾಯಿತು. ಯಾರಿಗೂ ಬೇಡವಾಗಿ ಉಳಿದದ್ದು ಅಪ್ಪನ ಡೆಸ್ಕ್‌ಟಾಪ್. ಮೇಷ್ಟ್ರ ಕೆಲಸದಿಂದ ನಿವೃತ್ತರಾದಾಗ, 2014ರಲ್ಲಿ ಕೊಂಡದ್ದು. ಮಗ ಅದನ್ನು ಕೌದಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕಕ್ಕಿಟ್ಟು ಪುಣೆಗೆ ತಂದ. ಅಪಾರ್ಟ್‌ಮೆಂಟಿನ ಕೆಳಗೆ ಬರುವ ಭಂಗಾರದವನು ಎತ್ತಿ ನೋಡಿ, ನಾಲ್ಕು ನೂರು ಅಂದ.

ಮಾರುಕಟ್ಟೆಯ ಲೆಕ್ಕದಲ್ಲಿ ಅವನು ಹೇಳಿದ್ದು ಸುಳ್ಳೇನಲ್ಲ. ಒಳಗಿದ್ದದ್ದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಕೋರ್ ಐ5. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಯಂತ್ರದ ಆಯುಸ್ಸು ಮುಗಿದಿರಲಿಲ್ಲ. ನಾಲ್ಕು ಕೋರುಗಳ ಆ ಪ್ರೊಸೆಸರ್‌ಗೆ ಮನೆಯ ಫೋಟೋ ಕಾಯುವ ಕೆಲಸ ದೊಡ್ಡದೇನಲ್ಲ.

ಆದರೆ ಮೊದಲು ಒಳಗಿದ್ದದ್ದನ್ನು ಹೊರತೆಗೆಯಬೇಕಿತ್ತು. ಪಾಸ್‌ವರ್ಡ್ ಅಪ್ಪನಿಗೊಬ್ಬರಿಗೇ ಗೊತ್ತಿತ್ತು. ಅಪ್ಪ ಹೋಗಿ ವರ್ಷವಾಗಿತ್ತು. ಮಗ ಅವ್ವನ ಹೆಸರು, ಮನೆ ನಂಬರು, ತನ್ನ ಜನ್ಮದಿನ, ತಂಗಿಯ ಜನ್ಮದಿನ ಎಲ್ಲ ಹಾಕಿ ನೋಡಿದ. ಯಾವುದೂ ಹೊಂದಲಿಲ್ಲ. ಕೊನೆಗೆ ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿ ಡಿಸ್ಕನ್ನು ತೆರೆದ. ಅಪ್ಪ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರಲಿಲ್ಲ. ಮಾಡಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು.

ಹಾರ್ಡ್‌ಡಿಸ್ಕುಗಳು ತಮ್ಮ ಆರೋಗ್ಯದ ವರದಿಯನ್ನು ತಾವೇ ಇಟ್ಟುಕೊಂಡಿರುತ್ತವೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕೆಟ್ಟುಹೋದ ಜಾಗಗಳ ಬದಲಿಗೆ ಮೀಸಲು ಜಾಗ ಎಷ್ಟು ಬಳಕೆಯಾಗಿದೆ ಎಂಬ ಸಂಖ್ಯೆ ಅದರಲ್ಲಿರುತ್ತದೆ. ಸೊನ್ನೆಯಿದ್ದರೆ ನೆಮ್ಮದಿ. ಅಪ್ಪನ ಡಿಸ್ಕಿನಲ್ಲಿ ಅದು ನೂರು ದಾಟಿತ್ತು, ಒಂದು ದಿನದಲ್ಲೇ ಇನ್ನಷ್ಟು ಏರಿತು. ಇಂಥ ಡಿಸ್ಕಿನಲ್ಲಿ ಒಂದೊಂದೇ ಫೈಲ್ ತೆರೆದು ನೋಡುತ್ತ ಕೂರಬಾರದು. ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಅವನು ಇಡೀ ಡಿಸ್ಕಿನ ಪಡಿಯಚ್ಚು ತೆಗೆದ. ಓದಲಾಗದ ಜಾಗವನ್ನು ಮೊದಲು ಬಿಟ್ಟು ಮುಂದೆ ಹೋಗಿ, ಕೊನೆಗೆ ಹಿಂದಿರುಗಿ ಪ್ರಯತ್ನಿಸುವುದು ಅದರ ಕ್ರಮ. ಒಂದು ರಾತ್ರಿ, ಮರುದಿನ ಮಧ್ಯಾಹ್ನದವರೆಗೂ ಹಿಡಿಯಿತು. ಆಮೇಲೆ ಆ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟ.

ಇನ್ನು ಪೆಟ್ಟಿಗೆಯ ಸರದಿ. ಬಾಲ್ಕನಿಯಲ್ಲಿ ತೆರೆದಾಗ ಫ್ಯಾನಿನ ರೆಕ್ಕೆಗಳ ಮೇಲೆ ಧಾರವಾಡದ ಕೆಂಪು ಧೂಳು ಪದರುಗಟ್ಟಿತ್ತು. ಪೇಂಟ್ ಬ್ರಷ್‌ನಿಂದ ಗುಡಿಸಿದ. ಪ್ರೊಸೆಸರ್ ಮೇಲೆ ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದುದಕ್ಕೆ ಕಾರಣ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಅದನ್ನು ಬದಲಿಸಿದ. ಎಸ್‌ಎಂಪಿಎಸ್ ಮಾತ್ರ ಹೊಸದೇ ತಂದ. ಹಗಲಿರುಳು ನಡೆಯುವ ಯಂತ್ರದಲ್ಲಿ ಹತ್ತು ವರ್ಷದ ಪವರ್ ಸಪ್ಲೈ ನಂಬುವುದು ಬೇಡವೆಂದು. ಹಳೆ ಕಂಪ್ಯೂಟರ್ ಅಂಗಡಿಯಲ್ಲಿ ಡಿಡಿಆರ್3 ಮೆಮರಿ ಸಿಕ್ಕಿತು, ಒಟ್ಟು 16 ಜಿಬಿ ಆಯಿತು. ವ್ಯವಸ್ಥೆಗೆಂದು ಸಣ್ಣ ಎಸ್‌ಎಸ್‌ಡಿ, ಕಡತಗಳಿಗೆ 4 ಟಿಬಿಯ ಎರಡು ಹೊಸ ಹಾರ್ಡ್‌ಡಿಸ್ಕು. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಬರೆಯಲ್ಪಡುವಂತೆ ಜೋಡಿಸಿದ.

ಇದರ ಮೇಲೆ ಅವನು ಹಾಕಿದ್ದು ಡೆಬಿಯನ್ ಆಧಾರದ ಪ್ರಾಕ್ಸ್‌ಮಾಕ್ಸ್. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಎಂಬುದನ್ನು ಆನ್ ಮಾಡಿದರೆ, ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ಅದು ನಡೆಸುತ್ತದೆ. ಪುಣೆಯ ಹಳೆಯ ವಾಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ದೊಡ್ಡ ಬಾಗಿಲು, ಒಳಗೆ ನಾಲ್ಕಾರು ಬಿಡಾರ, ಎಲ್ಲರ ಒಲೆಯೂ ಬೇರೆ, ನಲ್ಲಿ ಮಾತ್ರ ಒಂದೇ. ಒಬ್ಬರ ಮನೆ ಸುಣ್ಣ ಹೊಡೆಸಿದರೆ ಇನ್ನೊಬ್ಬರ ಗೋಡೆ ಕೆಡುವುದಿಲ್ಲ. ಆದರೆ ಒಬ್ಬರೇ ಬೆಳಗಿನಿಂದ ನಲ್ಲಿ ಹಿಡಿದರೆ ಉಳಿದವರಿಗೆ ನೀರಿಲ್ಲ. ಅದಕ್ಕೇ ಯಾವ ಬಿಡಾರಕ್ಕೆ ಎಷ್ಟು ಮೆಮರಿ ಎಂದು ಮೊದಲೇ ಹಂಚಬೇಕು.

ಮೊದಲ ಬಿಡಾರ ಫೋಟೋಗಳಿಗೆ, ಇಮ್ಮಿಚ್ ಎಂಬ ತಂತ್ರಾಂಶ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಉಚಿತವಾಗಿ ಇಡಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿದು, ಅಂದಿನಿಂದ ಹೊಸ ಫೋಟೋಗಳೂ ಮೇಲ್ ಜೊತೆ 15 ಜಿಬಿಯ ಲೆಕ್ಕಕ್ಕೆ ಸೇರಿದವು. ಈಗ ಮನೆಯವರ ಫೋನಿನ ಫೋಟೋಗಳು ಮನೆಯ ವೈಫೈಗೆ ಬಂದೊಡನೆ ಅಪ್ಪನ ಪೆಟ್ಟಿಗೆಗೆ ಇಳಿಯುತ್ತವೆ. ಮುಖ ಗುರುತಿಸುವ ಕೆಲಸವೂ ಒಳಗೇ ನಡೆಯುತ್ತದೆ. ಹಳೆಯ ಫೋಟೋಗಳನ್ನೆಲ್ಲ ಮೊದಲ ಸಲ ನೋಡಿ ಮುಗಿಸಲು ಐ5 ನಾಲ್ಕು ದಿನ ತೆಗೆದುಕೊಂಡಿತು.

ಎರಡನೆಯದು ಪೇಪರ್‌ಲೆಸ್. ಸ್ಕ್ಯಾನ್ ಮಾಡಿದ ಕಾಗದದ ಅಕ್ಷರಗಳನ್ನು ಟೆಸರಾಕ್ಟ್ ಮೂಲಕ ಓದಿ ಹುಡುಕಲು ಬರುವಂತೆ ಮಾಡುತ್ತದೆ. ಕನ್ನಡವನ್ನೂ ಸೇರಿಸಿಕೊಳ್ಳಬಹುದು. ಅಚ್ಚಿನ ಕನ್ನಡ ಸುಮಾರಾಗಿ ಓದುತ್ತದೆ, ಕೈಬರಹಕ್ಕೆ ಆಸೆಪಡಬಾರದು. ಮೂರನೆಯದು ಸಿನಿಮಾ, ಹಾಡುಗಳಿಗೆ ಜೆಲ್ಲಿಫಿನ್. ಈ ತಲೆಮಾರಿನ ಇಂಟೆಲ್ ಚಿಪ್ಪಿಗೆ ಹೆಚ್‌ಇವಿಸಿ ವಿಡಿಯೋ ಬಿಡಿಸುವ ಪ್ರತ್ಯೇಕ ಯಂತ್ರಾಂಗವಿಲ್ಲ. ಹೊಸ ಫೋನಿನ ವಿಡಿಯೋ ಬೇರೆ ರೂಪಕ್ಕೆ ಪರಿವರ್ತಿಸಬೇಕಾಗಿ ಬಂದರೆ ಏದುಸಿರು ಬಿಡುತ್ತದೆ. ನಾಲ್ಕನೆಯದು ಪೈ-ಹೋಲ್. ಮನೆಯ ಎಲ್ಲ ಫೋನುಗಳೂ ವೆಬ್‌ಸೈಟಿನ ವಿಳಾಸ ಕೇಳುವುದು ಅದನ್ನೇ. ಜಾಹೀರಾತಿನ ವಿಳಾಸವಾದರೆ ಅದು ಬಾಗಿಲಲ್ಲೇ ತಡೆಯುತ್ತದೆ.

ಖರ್ಚಿನ ಮಾತು ಮುಚ್ಚಿಡಬಾರದು. ಸುಮ್ಮನಿದ್ದಾಗ ಯಂತ್ರ ಎಳೆಯುವುದು ಸುಮಾರು 40 ವ್ಯಾಟ್. ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್, ತಿಂಗಳಿಗೆ 29. ಯೂನಿಟ್‌ಗೆ 10 ರೂಪಾಯಿ ಹಿಡಿದರೆ 290 ರೂಪಾಯಿ. ಮನೆಯ ಫೋಟೋಗಳೆಲ್ಲ ನೂರು ಜಿಬಿಯಲ್ಲಿ ಮುಗಿಯುವುದಾದರೆ ಬಾಡಿಗೆ ಜಾಗವೇ ಅಗ್ಗ. ದುಡ್ಡು ಉಳಿಸಲು ಇದನ್ನು ಮಾಡುತ್ತೇನೆಂದು ಹೊರಟವರಿಗೆ ಡಿಸ್ಕಿನ ಬಿಲ್ಲು ಬಂದಾಗ ಬೇಸರವಾಗುತ್ತದೆ.

ಆರು ತಿಂಗಳು ಎಲ್ಲ ಸುಸೂತ್ರ. ಆಷಾಢದಲ್ಲಿ ಅವನು ಆಫೀಸಿನ ಕೆಲಸಕ್ಕೆ ದೆಹಲಿಗೆ ಹೋಗಿದ್ದ. ಪುಣೆಯಲ್ಲಿ ಮಳೆ, ಕರೆಂಟು ಹೋಗಿ ಬಂತು. ಫ್ರಿಜ್ ಶುರುವಾಯಿತು, ವೈಫೈ ಬಂತು, ಸರ್ವರ್ ಮಾತ್ರ ಏಳಲಿಲ್ಲ. ಕರೆಂಟು ಬಂದ ಮೇಲೆ ತಾನಾಗಿ ಶುರುವಾಗು ಎಂದು ಬಯಾಸ್‌ನಲ್ಲಿ ಹೇಳಿರಲಿಲ್ಲ. ವಿಳಾಸ ಹೇಳುವ ಪೈ-ಹೋಲ್ ಮಲಗಿದ್ದರಿಂದ ಮನೆಯ ಯಾವ ಫೋನಿನಲ್ಲೂ ಏನೂ ತೆರೆಯದು. ಮಗಳ ಆನ್‌ಲೈನ್ ಪರೀಕ್ಷೆಗೆ ಅರ್ಧ ಗಂಟೆಯಿತ್ತು. ಅವನು ದೆಹಲಿಯಿಂದ ಒಳಹೋಗಲು ನೋಡಿದ. ಹೊರಗಿನಿಂದ ಬರುವ ವೈರ್‌ಗಾರ್ಡ್ ದಾರಿಯ ಬಾಗಿಲೂ ಅದೇ ಪೆಟ್ಟಿಗೆಯೊಳಗಿತ್ತು.

ಪರೀಕ್ಷೆ ಹೆಂಡತಿಯ ಫೋನಿನ ಡೇಟಾದಲ್ಲಿ ನಡೆಯಿತು. ರಾತ್ರಿ ಆಕೆ ಫೋನಿನಲ್ಲಿ ಬೈಯಲಿಲ್ಲ. "ಮಾವನವರ ಪಾಸ್‌ವರ್ಡ್ ಇಲ್ಲಂತ ನೀವು ಎಂಟು ದಿನ ತಲಿ ಕೆಡಿಸ್ಕೊಂಡ್ರಿ. ನಾಳೆ ನಿಮಗ ಏನರೆ ಆದ್ರ ನಾ ಯಾರನ್ನ ಕೇಳ್ಬೇಕ್ರೀ?" ಎಂದಳು.

ಅವನ ಬಳಿ ಉತ್ತರವಿರಲಿಲ್ಲ. ಅಪ್ಪ ಒಂದು ಬೀಗ ಹಾಕಿದ್ದರು, ಇವನು ಏಳು ಹಾಕಿದ್ದ. ಮಗಳು ಹುಟ್ಟಿದಂದಿನಿಂದ ತೆಗೆದ ಫೋಟೋಗಳು ಮನೆಯಲ್ಲೇ ಇದ್ದವು, ಆದರೆ ಮನೆಯವರದಾಗಿರಲಿಲ್ಲ.

ಹಿಂದಿರುಗಿದವನು ಮೊದಲು ಪೈ-ಹೋಲನ್ನು ಬಿಡಾರ ಖಾಲಿ ಮಾಡಿಸಿದ. ವಿಳಾಸ ಹೇಳುವ ಕೆಲಸ ಮತ್ತೆ ರೂಟರ್‌ಗೇ ಹೋಯಿತು. ಜಾಹೀರಾತು ಬಂದರೆ ಬರಲಿ. ಬಯಾಸ್‌ನ ಸೆಟ್ಟಿಂಗ್ ಸರಿಪಡಿಸಿ ಯುಪಿಎಸ್ ತಂದ. ಅದರ ಯುಎಸ್‌ಬಿ ತಂತಿಯನ್ನು ಸರ್ವರ್‌ಗೆ ಜೋಡಿಸಿದರೆ ಬ್ಯಾಟರಿ ಮುಗಿಯುವ ಮೊದಲೇ ಯಂತ್ರ ತಾನಾಗಿ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಜೋಡಿ ಡಿಸ್ಕು ಬ್ಯಾಕಪ್ ಅಲ್ಲ ಎಂಬುದನ್ನೂ ಆಗಲೇ ಮನಸ್ಸಿಗೆ ಹಚ್ಚಿಕೊಂಡ. ಒಂದು ಡಿಸ್ಕು ಸತ್ತರೆ ಇನ್ನೊಂದು ಕಾಪಾಡುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಈಗ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ. ಅಂಥದೇ ಇನ್ನೊಂದು ಚೆನ್ನೈಯಲ್ಲಿರುವ ತಂಗಿಯ ಮನೆಯಲ್ಲಿ. ದೀಪಾವಳಿಗೆ, ಬೇಸಿಗೆ ರಜೆಗೆ ಬಂದು ಹೋಗುವಾಗ ಎರಡೂ ಅದಲುಬದಲಾಗುತ್ತವೆ.

ಕೊನೆಗೆ ಒಂದು ಹಾಳೆ ಬರೆದ, ಕೈಯಲ್ಲಿ, ಕನ್ನಡದಲ್ಲಿ. ಯಾವ ಗುಂಡಿ ಒತ್ತಬೇಕು, ಎಷ್ಟು ನಿಮಿಷ ಕಾಯಬೇಕು, ಪಾಸ್‌ವರ್ಡ್ ಯಾವುದು, ಪೆಟ್ಟಿಗೆ ಪೂರ್ತಿ ಸತ್ತರೆ ಹೊರಗಿನ ಡಿಸ್ಕನ್ನು ಯಾವ ಲ್ಯಾಪ್‌ಟಾಪಿಗೆ ಹೇಗೆ ಚುಚ್ಚಿ ನೋಡಬೇಕು. ಒಂದು ಭಾನುವಾರ ಹೆಂಡತಿ ಹಾಳೆ ಹಿಡಿದು ಎಲ್ಲ ಆರಿಸಿ, ಮತ್ತೆ ಶುರು ಮಾಡಿದಳು. ಅವನು ಮಾತಾಡಕೂಡದೆಂದು ಕರಾರು. ಎರಡು ಕಡೆ ಹಾಳೆಯೇ ತಪ್ಪಿತ್ತು. ತಿದ್ದಿ ಬರೆದು ತಿಜೋರಿಯಲ್ಲಿ, ಮನೆಯ ಕಾಗದಪತ್ರದ ಜೊತೆ ಇಟ್ಟರು.

ಅಷ್ಟರಲ್ಲಿ ಊರಿನಿಂದ ಒಂದು ಮದುವೆ ಕರೆಯೋಲೆ ಬಂತು. "ನಿನ್ನ ತಂಗಿ ಮದುವ್ಯಾಗ ಅವರು ಎಷ್ಟ್ ಮುಯ್ಯಿ ಮಾಡಿದ್ರು, ನಿಮ್ಮಪ್ಪ ಬರದಿಟ್ಟಾರ, ನೋಡಪಾ" ಎಂದಳು ಅವ್ವ. ಅವನು ಹೆಸರು ಹಾಕಿ ಹುಡುಕಿದ, ಸಿಗಲಿಲ್ಲ. ಪಟ್ಟಿ ಇದ್ದ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಪ್ಪ ಟೈಪ್ ಮಾಡುತ್ತಿದ್ದದ್ದು ಹಳೆಯ ನುಡಿ ಫಾಂಟಿನಲ್ಲಿ. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ವ್ಯವಸ್ಥೆ. ಫಾಂಟ್ ಇಲ್ಲದ ಕಡೆ ಕನ್ನಡವೇ ಇಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಹುಡುಕಿ, ಅಪ್ಪನ ಮುನ್ನೂರು ಚಿಲ್ಲರೆ ಫೈಲುಗಳನ್ನು ಅದರ ಮೂಲಕ ಹಾಯಿಸಲು ಒಂದು ಸಂಜೆ ಹಿಡಿಯಿತು. ಒತ್ತಕ್ಷರ ಅಲ್ಲಲ್ಲಿ ಕೆಟ್ಟಿತು. ಮೂಲದ ಫೈಲುಗಳನ್ನೂ ಹಾಗೇ ಇಟ್ಟುಕೊಂಡ.

ಮತ್ತೆ ಹುಡುಕಿದಾಗ ಸಾಲು ಬಂತು. 501 ರೂಪಾಯಿ, ಒಂದು ಸ್ಟೀಲಿನ ಕೊಡ. ಅವ್ವ ಕೇಳಿ, ಈಗಿನ ಕಾಲಕ್ಕೆ ಎರಡು ಸಾವಿರವಾದರೂ ಮಾಡಬೇಕು ಎಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಆ ಪಟ್ಟಿಯಲ್ಲಿ ಮತ್ಯಾರ್ಯಾರಿದ್ದಾರೆ, ಮೊದಲಿಂದ ಓದು ಎಂದಳು.