ಗಡಿಸೀಮೆಯಲ್ಲಿ ಮನೆಯ ಮಾತು

ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಒಂದೇ ನಾಲಗೆಯ ಮೇಲೆ ಎರಡು ನುಡಿಗಳು ನೆಲಸಿವೆ. ಅವ್ವನೊಡನೆ ಕನ್ನಡ, ಪೇಟೆಯಲ್ಲಿ ಮರಾಠಿ. ಇದು ಇಲ್ಲಿಯ ಒಕ್ಕಲು ಮಕ್ಕಳಿಗೆ ಭಾರವೆನಿಸಿದ್ದಿಲ್ಲ. ಅಧಿಕಾರವು ಒಂದು ನುಡಿಯನ್ನು ಗಾದಿಗೇರಿಸಿ ಇನ್ನೊಂದನ್ನು ಹೊಸ್ತಿಲಾಚೆ ನಿಲ್ಲಿಸಿದಾಗಲೇ ಭಾರವು ತೋರತೊಡಗುತ್ತದೆ.

1818ರಲ್ಲಿ ಪೇಶವೆಯರ ಆಳ್ವಿಕೆ ಅಳಿದ ತರುವಾಯ ಈ ಪ್ರಾಂತದ ಬಹುಭಾಗ ಕ್ರಮೇಣ ಮುಂಬಯಿ ಇಲಾಖೆಗೆ ಸೇರಿತು. ರಾಯಬಾಗವಾದರೋ 1949ರವರೆಗೂ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸಾಹೇಬರ ಹುಕುಮು ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ಮರಾಠಿಯಲ್ಲಿ. ಕನ್ನಡದ ಕೂಸು ಮರಾಠಿ ಸಾಲಿಯಲ್ಲಿ ಅಕ್ಷರ ತಿದ್ದಿ, ತನ್ನ ತಾಯಿಯ ಮಾತಿಗೆ ಲಿಪಿಯೇ ಇಲ್ಲವೇನೋ ಎಂದು ಭ್ರಮಿಸುವಂತಾಯಿತು. ವಿದ್ಯಾಖಾತೆಯ ಅಧಿಕಾರಿಗಳಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಮಕ್ಕಳಿಗೆ ಕನ್ನಡ ಶಾಲೆಯೇ ಆಗಬೇಕೆಂದು ಹೆಣಗಿದರು. ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಿದ ಆ ಮಹನೀಯರಿಗೆ ಇಂಗ್ಲಿಷು ಕನ್ನಡದ ಸೇವೆಗೆ ಒದಗಿದ ಸಾಧನವಾಗಿತ್ತು.

ಇದೇ ವ್ಯಥೆ ಕಡಲಾಚೆಯ ಆಫ್ರಿಕೆಯಲ್ಲಿ ಕಾದಂಬರಿಕಾರರನ್ನು ಕಾಡಿತು. ನೈಜೀರಿಯದ ಚಿನುವಾ ಅಚೆಬೆ 1958ರ ತಮ್ಮ ಮೊದಲ ಕಾದಂಬರಿಯಲ್ಲಿ ಆಳಿದವರ ಇಂಗ್ಲಿಷನ್ನೇ ಇಗ್ಬೊ ಜನರ ಗಾದೆಗಳಿಂದ ಪಳಗಿಸಿದರು. ಕೆನ್ಯಾದ ಗೂಗಿ ವಾ ಥಿಯಾಂಗೊ ಬೇರೆ ದಾರಿ ಹಿಡಿದರು. ಗಿಕುಯು ನುಡಿಯಲ್ಲಿ ಹಳ್ಳಿಗರೊಡನೆ ನಾಟಕವಾಡಿಸಿದ ಮೇಲೆ, 1977ರ ಕೊನೆಯಲ್ಲಿ ಅವರಿಗೆ ಸೆರೆವಾಸ ಪ್ರಾಪ್ತವಾಯಿತು. ಅಲ್ಲಿ ಶೌಚದ ಕಾಗದದ ಮೇಲೆ ಅದೇ ನುಡಿಯಲ್ಲಿ ಕಾದಂಬರಿ ಬರೆದರು. 1980ರಲ್ಲಿ ಅದು ಅಚ್ಚಾಯಿತು. ಸೆರೆಗೆ ಕಳಿಸಿದವರು ಸ್ವತಂತ್ರ ಕೆನ್ಯಾದವರೇ ಎಂಬುದನ್ನು ಮರೆಯಲಾಗದು. ಪರರ ಆಳ್ವಿಕೆ ತೊಲಗಿದರೂ ಅದರ ದರ್ಪ ಉಳಿದಿರಬಲ್ಲದು.

ಗಡಿಸೀಮೆಯೂ ತನ್ನ ಉತ್ತರವನ್ನು ಕೊಟ್ಟಿದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು (1918–1975) 1945ರ ‘ನಿಸರ್ಗ’ದಲ್ಲಿ ಈ ನೆಲದ ಹಳ್ಳಿಯ ಬಾಳನ್ನು ಕಾದಂಬರಿಯ ವಸ್ತುವಾಗಿಸಿದರು. ಮರಾಠಿಯ ನೆರೆಯಲ್ಲಿ ಬಾಳಿದ ಕನ್ನಡವು ಸಂಕೋಚವಿಲ್ಲದೆ ಸಾಹಿತ್ಯದ ಪಂಕ್ತಿಯಲ್ಲಿ ಕುಳಿತಿತು. ಜಗಳವಿದ್ದುದು ದರ್ಪದೊಡನೆ, ನೆರೆಮನೆಯ ನುಡಿಯೊಡನೆ ವೈರವೇಕೆ?

1956ರಲ್ಲಿ ರಾಜ್ಯದ ಗೆರೆ ಎಳೆಯಲಾಯಿತು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಸೂಚಿಸಿತು. ವಾದ ಇನ್ನೂ ತೀರಿಲ್ಲ. ಇತ್ತ ಕನ್ನಡದ ಮಗುವೂ ಮರಾಠಿಯ ಮಗುವೂ ಜೊತೆಯಾಗಿ ಇಂಗ್ಲಿಷ್ ಮಾಧ್ಯಮದ ಬಾಗಿಲಲ್ಲಿ ನಿಂತಿವೆ. ಗಡಿಗಾಗಿ ವಾದಿಸುವ ಹಿರಿಯರ ಮನೆಗಳಲ್ಲಿಯೇ ಎರಡು ನುಡಿಗಳೂ ಅಡಿಗೆಮನೆಗೆ ಸರಿಯುತ್ತಿವೆ. ಇಂಗ್ಲಿಷು ಅನ್ನ ಕೊಡಲಿ, ಅದನ್ನು ಚೆನ್ನಾಗಿಯೇ ಕಲಿಸೋಣ. ಆದರೆ ಅವ್ವನ ಮಾತಿನಲ್ಲಿ ಒಂದು ಪತ್ರ ಬರೆಯಲರಿಯದ ವಿದ್ಯಾರ್ಥಿಗೆ ಶಾಲೆ ಕೊಟ್ಟ ವಿದ್ಯೆ ಅರ್ಧವೇ ಸರಿ. ಉಳಿದರ್ಧವನ್ನು ಸಲ್ಲಿಸುವ ಋಣ ಗುರುಗಳದೂ ಹೌದು, ಶಾಲೆಗೆ ಕೈಯೆತ್ತಿ ಕೊಟ್ಟ ದಾನಿಗಳದೂ ಹೌದು.